ದಪ್ಪ ಎಲೆ ಗಿಡಕ್ಕೆ ಬಿಸಿಲು ಎಷ್ಟು? ಮಾರೋರು ಹೇಳಬೇಕು, ಕೊಳ್ಳೋರು ಕೇಳಬೇಕು

ಈ ಸಲ ಅಡಿಕೆ, ರಾಗಿ ಬಿಟ್ಟು ಕುಂಡದ ಗಿಡದ ವಿಷಯ ಬರೀತಿದ್ದೀನಿ. ಇದೇನಪ್ಪಾ ಷೋಕಿ ಗಿಡದ ಮಾತು ಅಂತ ರೈತ ಬಾಂಧವರು ಮೂಗು ಮುರೀಬೇಡಿ. ನಮ್ಮ ಎರಡು ಎಕರೆಯಲ್ಲಿ ಎಂಟು ಗುಂಟೆಗೆ ನೆರಳುಪರದೆ ಹಾಕಿ ಸಕ್ಯುಲೆಂಟ್ ಅನ್ನೋ ದಪ್ಪ ಎಲೆಯ ಗಿಡ ಬೆಳೆಸ್ತಾ ಐದು ವರ್ಷ ಆಯ್ತು. ಅಡಿಕೆ ದುಡ್ಡು ವರ್ಷಕ್ಕೊಂದು ಸಲ ಬರೋದು. ಈ ಸಣ್ಣ ಕುಂಡಗಳ ದುಡ್ಡು ವಾರ ವಾರ ಬರುತ್ತೆ, ಊರಿನ ಮೂರು ಜನ ಹೆಣ್ಣುಮಕ್ಕಳಿಗೆ ಕೂಲಿಯೂ ಆಗುತ್ತೆ. ಹಾಗಾಗಿ ಇದು ನಮಗೆ ಬೆಳೆಯೇ, ಷೋಕಿ ಅಲ್ಲ.

ನನ್ನ ತಕರಾರು ಒಂದೇ. ಬೆಂಗಳೂರಿನಲ್ಲಿ ಈ ಗಿಡಗಳನ್ನ "ಇಂಡೋರ್ ಪ್ಲಾಂಟ್" ಅಂತ ಚೀಟಿ ಅಂಟಿಸಿ ಮಾರ್ತಾರೆ. ಬಿಸಿಲು ಬೇಡ, ನೀರು ಬೇಡ, ಟಿವಿ ಪಕ್ಕ ಇಡಿ, ಆಫೀಸು ಮೇಜಿನ ಮೇಲೆ ಇಡಿ ಅಂತಾರೆ. ಗೃಹಪ್ರವೇಶಕ್ಕೆ, ನಾಮಕರಣಕ್ಕೆ ಬಂದೋರಿಗೆ ತಾಂಬೂಲದ ಜೊತೆ ಒಂದೊಂದು ಕುಂಡ ಕೊಡೋದು ಈಗ ರೂಢಿ ಆಗಿದೆ. ತಗೊಂಡು ಹೋದೋರು ಎರಡು ತಿಂಗಳಲ್ಲಿ ಗಿಡ ಕೊಳೆಸ್ತಾರೆ. ಆಮೇಲೆ ಏನಂತಾರೆ? "ನನ್ನ ಕೈಗುಣ ಸರಿಯಿಲ್ಲ, ನನ್ನ ಕೈಲಿ ಗಿಡ ಉಳಿಯಲ್ಲ." ಕೈಗುಣದ್ದೇನೂ ತಪ್ಪಿಲ್ಲ ತಾಯಿ. ನಿಮಗೆ ಅರ್ಧ ಮಾತು ಹೇಳಿ ಗಿಡ ಮಾರಿದ್ದಾರೆ ಅಷ್ಟೇ.

ಇಂಡೋರ್ ಅನ್ನೋ ಜಾತಿ ಪ್ರಪಂಚದ ಯಾವ ಕಾಡಲ್ಲೂ ಇಲ್ಲ. ಗುಲಾಬಿ ಹೂವಿನ ಹಾಗೆ ಎಲೆ ಜೋಡಿಸಿಕೊಂಡಿರೋ ಎಕೆವೇರಿಯಾ ಹೆಚ್ಚಾಗಿ ಮೆಕ್ಸಿಕೋದ ಎತ್ತರದ ಕಲ್ಲುಗುಡ್ಡದ ಗಿಡ. ಜೇಡ್ ಗಿಡ ದಕ್ಷಿಣ ಆಫ್ರಿಕಾದ ಒಣ ಇಳಿಜಾರಿನದು. ಎರಡೂ ಬಿಸಿಲಲ್ಲೇ ಹುಟ್ಟಿ ಬಿಸಿಲಲ್ಲೇ ಮುಪ್ಪಾಗೋವು. ಎಕೆವೇರಿಯಾ ಎಲೆ ಮೇಲೆ ಬೂದಿ ಬಳಿದ ಹಾಗೆ ನೀಲಿ ಬಿಳುಪಿನ ಪುಡಿ ಇರುತ್ತೆ ನೋಡಿ, ಅದು ಬಿಸಿಲಿಗೆ ಅಂತಲೇ ಗಿಡ ಹೊದ್ದುಕೊಂಡಿರೋ ಮೇಣ. ಧೂಳು ಅಂತ ಬಟ್ಟೆ ತಗೊಂಡು ಒರೆಸೋರು ಇದ್ದಾರೆ, ಒರೆಸಬೇಡಿ. ಆ ಎಲೆ ಮೇಲೆ ಅದು ತಿರುಗಿ ಕೂರಲ್ಲ.

ಹಾಗಂತ ದಪ್ಪ ಎಲೆ ಕಂಡಿದ್ದೆಲ್ಲಾ ಬಿಸಿಲಿಗೆ ಎಸೆಯೋದೂ ತಪ್ಪು. ಹವೋರ್ಥಿಯಾ ಅಂತ ಪುಟ್ಟ ಗಿಡ, ಅದೂ ದಕ್ಷಿಣ ಆಫ್ರಿಕಾದ್ದೇ, ಆದರೆ ಪೊದೆಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ ಬೆಳೆಯೋದು. ಅದರಲ್ಲಿ ಕೆಲವು ಜಾತಿಗೆ ಎಲೆ ತುದಿ ಗಾಜಿನ ಹಾಗೆ ಇರುತ್ತೆ, ಬೆಳಕು ಅಲ್ಲಿಂದ ಒಳಗೆ ಇಳಿಯುತ್ತೆ. ನಮ್ಮ ಹಳೇ ಹೆಂಚಿನ ಮನೆಯಲ್ಲಿ ಮಧ್ಯೆ ಒಂದು ಗಾಜಿನ ಹೆಂಚು ಇಡ್ತಿದ್ವಲ್ಲ, ಅದೇ ಲೆಕ್ಕ. ಅಂಥದ್ದನ್ನ ತಾರಸಿ ಮೇಲೆ ಇಟ್ಟರೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಕುಗ್ಗುತ್ತೆ.

ಡ್ರಾಗನ್ ಫ್ರೂಟ್ ಹಾಕಿರೋ ರೈತರಿಗೆ ಇದು ಚೆನ್ನಾಗಿ ಗೊತ್ತು. ಕಳ್ಳಿ ಜಾತಿ, ಬರದ ನಾಡಿಗೆ ಹೇಳಿ ಮಾಡಿಸಿದ್ದು ಅಂತ ಸಸಿ ಕೊಟ್ಟರು. ಏಪ್ರಿಲ್ ಮೇ ತಿಂಗಳಲ್ಲಿ ಕಾಂಡ ಹಳದಿಯಾಗಿ, ಬೆಂದ ಹಾಗೆ ಆಗಿ, ಆ ಜಾಗದಲ್ಲೇ ಕೊಳೆಯೋಕೆ ಶುರುವಾಯ್ತು. ಯಾಕಂದ್ರೆ ಅದು ಮರುಭೂಮಿ ಕಳ್ಳಿ ಅಲ್ಲವೇ ಅಲ್ಲ. ಮಧ್ಯ ಅಮೆರಿಕದ ಕಾಡಿನಲ್ಲಿ ಮರ ಹತ್ತಿ, ಎಲೆಗಳ ಸಂದಿಯಿಂದ ಬರೋ ಬಿಸಿಲು ಕುಡಿಯೋ ಬಳ್ಳಿ. ಈಗ ಬೇಸಿಗೆಯಲ್ಲಿ ಅದರ ಮೇಲೆ ಪರದೆ ಕಟ್ಟೋರು ಎಷ್ಟು ಜನ ಇದ್ದಾರೆ. ಗಿಡದ ಕುಲ ಕೇಳೋದಕ್ಕಿಂತ ಅದರ ತೌರುಮನೆ ಯಾವುದು ಅಂತ ಕೇಳಬೇಕು.

ಇನ್ನು ಬೆಳಕಿನ ಲೆಕ್ಕ. ಇದರಲ್ಲಿ ಎಲ್ಲರಿಗೂ ಮೋಸ ಮಾಡೋದು ನಮ್ಮ ಕಣ್ಣೇ. ಹೊಲದ ನಡು ಮಧ್ಯಾಹ್ನದ ಬಿಸಿಲು ಅಂದ್ರೆ ಸುಮಾರು 1 ಲಕ್ಷ ಲಕ್ಸ್ ಬೆಳಕು. ಹಗಲು ಹೊತ್ತು "ಚೆನ್ನಾಗಿ ಬೆಳಕಿದೆ" ಅನ್ನೋ ಹಾಲ್‌ನಲ್ಲಿ ಕಿಟಕಿಯಿಂದ ಹತ್ತಡಿ ದೂರದಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಇನ್ನೂರಕ್ಕೆ ಒಂದು ಪಾಲು ಅನ್ನಿ. ಆದರೆ ಕಣ್ಣಿನ ಪಾಪೆ ದೊಡ್ಡದಾಗಿ ಹೊಂದಿಕೊಂಡು ಬಿಡೋದ್ರಿಂದ ನಮಗೆ ಅಂಥಾ ವ್ಯತ್ಯಾಸ ಗೊತ್ತಾಗಲ್ಲ. ಗಿಡಕ್ಕೆ ಆ ಸವಲತ್ತು ಇಲ್ಲ. ಆಳಿಗೆ ದಿನಕ್ಕೆ ಮೂರು ಮುದ್ದೆ ಬೇಕಾಗಿರೋ ಕಡೆ ಒಂದು ಅಗುಳು ಕೊಟ್ಟ ಹಾಗೆ. ಮೊಬೈಲಲ್ಲಿ ಬೆಳಕು ಅಳೆಯೋ ಆ್ಯಪ್ ಸಿಗುತ್ತೆ, ಕರಾರುವಾಕ್ಕಾಗಿ ಇರಲ್ಲ, ಆದ್ರೂ ಕಿಟಕಿ ಹತ್ತಿರ ಒಂದು ಸಲ, ಸೋಫಾ ಹತ್ತಿರ ಒಂದು ಸಲ ಹಿಡಿದು ನೋಡಿ, ಗಾಬರಿ ಆಗ್ತೀರಿ.

ಆ್ಯಪ್ ಬೇಡ ಅನ್ನೋರಿಗೆ ಕೈ ಇದೆ. ಗಿಡ ಇಡೋ ಜಾಗದಲ್ಲಿ ಒಂದಡಿ ಮೇಲೆ ಅಂಗೈ ಹಿಡೀರಿ. ಬೆರಳು ಬೆರಳು ಎಣಿಸೋ ಹಾಗೆ ನೆರಳು ಬಿದ್ದರೆ ಅದು ಬಿಸಿಲು, ಎಕೆವೇರಿಯಾ, ಜೇಡ್, ಲೋಳೆಸರಕ್ಕೆ ಸೈ. ಕೈ ಅಂತ ಗೊತ್ತಾಗಿ ಅಂಚು ಮಸುಕಾಗಿದ್ದರೆ ಹವೋರ್ಥಿಯಾಕ್ಕೆ ನಡೆಯುತ್ತೆ. ನೆರಳೇ ಕಾಣದಿದ್ದರೆ ಅಲ್ಲಿ ಗಣೇಶನ ಮೂರ್ತಿ ಇಡಿ, ಗಿಡ ಇಡಬೇಡಿ. ಸ್ನೇಕ್ ಪ್ಲಾಂಟ್ ಇರುತ್ತಲ್ಲಾ ಅಂತೀರಿ. ಅದು ಅಲ್ಲಿ ತಡ್ಕೊಂಡು ಇರುತ್ತೆ, ಅಷ್ಟೇ. ತಡ್ಕೊಳ್ಳೋದು ಬೇರೆ, ಚೆನ್ನಾಗಿರೋದು ಬೇರೆ. ಇದು ಮನುಷ್ಯರಿಗೂ ಹೊಂದುತ್ತೆ, ಇರಲಿ.

ಬೆಳಕು ಸಾಲದಿದ್ದರೆ ಗಿಡ ಬಾಯಿಬಿಟ್ಟು ಹೇಳುತ್ತೆ. ಮೊದಲು ಕಿಟಕಿ ಕಡೆ ವಾಲುತ್ತೆ. ಆಮೇಲೆ ಎಲೆ ಎಲೆಗೆ ಸಂದು ಬಿಟ್ಟು ಸೊಣಕಲಾಗಿ ಉದ್ದ ಎಳೆಯುತ್ತೆ, ಕೆಳಗಿನ ಎಲೆ ಕೆಳಕ್ಕೆ ಜೋಲುತ್ತೆ, ಬಣ್ಣ ಪೇಲವ ಆಗುತ್ತೆ. ಮನೆಯೋರು "ಅಬ್ಬಾ ಎಷ್ಟು ಬೇಗ ಬೆಳೀತಿದೆ" ಅಂತ ಖುಷಿ ಪಡ್ತಾರೆ. ಟೊಮ್ಯಾಟೊ ಸಸಿ ಒತ್ತಾಗಿ ಬಿತ್ತಿದರೆ ಎಳಸಾಗಿ ಏಳುತ್ತಲ್ಲ, ಅದನ್ನ ನೋಡಿ ಯಾವ ರೈತನಾದ್ರೂ ಖುಷಿ ಪಟ್ಟಿದ್ದಾನಾ? ಒಂದು ಸಲ ಉದ್ದ ಎಳೆದ ಕಾಂಡ ಮತ್ತೆ ಗಿಡ್ಡ ಆಗಲ್ಲ. ತಲೆ ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಗಾಯ ಒಣಗಿಸಿ, ಹೊಸ ಮಣ್ಣಿಗೆ ನೆಡಬೇಕು. ಬುಡದ ಮೊಂಡು ಎಸೀಬೇಡಿ, ಅದರಲ್ಲೂ ಮರಿ ಬರುತ್ತೆ.

ಸಾಯೋದು ಮಾತ್ರ ಹೆಚ್ಚಾಗಿ ಬೆಳಕಿನ ಕೊರತೆಯಿಂದ ನೇರವಾಗಿ ಅಲ್ಲ, ನೀರಿನಿಂದ. ಬೆಳಕು ಕಮ್ಮಿ ಆದ ಕಡೆ ಗಿಡ ನೀರು ಎಳೆಯಲ್ಲ, ಕುಂಡ ಒಣಗಲ್ಲ. ಭಾನುವಾರ ಭಾನುವಾರ ಲೆಕ್ಕ ಇಟ್ಟುಕೊಂಡು ಒಂದು ಲೋಟ ಹಾಕ್ತಾ ಹೋದರೆ ಬೇರು ಕೊಳೆಯುತ್ತೆ. ಹೀಗಾಗಿ "ವಾರಕ್ಕೆ ಎಷ್ಟು ನೀರು" ಅಂತ ಕೇಳೋರಿಗೆ ನಾನು ಉತ್ತರ ಕೊಡೋದೇ ಇಲ್ಲ. ಮೊದಲು ಕುಂಡ ಎಲ್ಲಿ ಇಟ್ಟಿದ್ದೀರಿ ಹೇಳಿ ಅಂತೀನಿ.

ಈ ಗಿಡಗಳ ಹೊಟ್ಟೆಪಾಡು ಬೇರೆ ಥರ ಅನ್ನೋದನ್ನೂ ತಿಳ್ಕೋಬೇಕು. ಕೃಷಿ ಮೇಳದಲ್ಲಿ ಒಬ್ಬ ಮೇಷ್ಟ್ರು ಬಿಡಿಸಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಬೇರೆ ಗಿಡ ಹಗಲು ಎಲೆಯ ತೂತು ತೆರೆದು ಗಾಳಿ ತಗೊಳ್ಳುತ್ತೆ. ಇವು ಹಗಲು ಬಾಗಿಲು ಹಾಕಿ, ನೀರು ಆರಿಹೋಗದ ಹಾಗೆ ನೋಡ್ಕೊಂಡು, ರಾತ್ರಿ ತಂಪಿನಲ್ಲಿ ತೆರೆಯುತ್ವೆ. ರಾತ್ರಿ ತಗೊಂಡ ಇಂಗಾಲವನ್ನ ಹುಳಿ ಮಾಡಿ ಎಲೆಯಲ್ಲಿ ಕೂಡಿಟ್ಟು, ಹಗಲಿನ ಬಿಸಿಲಲ್ಲಿ ಆ ಹುಳಿಯಿಂದ ಸಕ್ಕರೆ ಮಾಡ್ಕೊಳ್ಳುತ್ವೆ. ಇದನ್ನ ಮೊದಮೊದಲು ಬರೆದಿಟ್ಟವರಲ್ಲಿ ಒಬ್ಬ ನಮ್ಮ ಬೆಂಗಳೂರಿನ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೇಯ್ನ್ ಅನ್ನೋ ಸಸ್ಯಶಾಸ್ತ್ರಿ. ಎಲೆ ಅಂಚಲ್ಲೇ ಮರಿ ಹುಟ್ಟೋ ಕಾಡುಬಸಳೆ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ಸ್ವಲ್ಪ ಕಹಿ ಅಂತ ಆತ ನಾಲಿಗೆಯಲ್ಲೇ ಕಂಡುಕೊಂಡು ಲಂಡನ್‌ಗೆ ಬರೆದ. ಅದು 1815ರಲ್ಲಿ ಅಚ್ಚಾಯ್ತು. ಯಾವ ಯಂತ್ರವೂ ಇಲ್ಲದೆ, ಬರೀ ನಾಲಿಗೆ! ನಿಮ್ಮ ಹಿತ್ತಲಲ್ಲಿ ಕಾಡುಬಸಳೆ ಇದ್ದರೆ ನೀವೂ ಎಲೆ ತುದಿ ಕಚ್ಚಿ ನೋಡಿ, ನೋಡಿ ಉಗುಳಿ. ದನಗಳಿಗೆ ಅದು ವಿಷ, ನುಂಗೋ ಸಾಹಸ ಬೇಡ.

ಇದರ ಅರ್ಥ ಏನು? ರಾತ್ರಿ ಕಣಜ ತುಂಬುತ್ತೆ, ಹಗಲು ಬೀಸಿ ಹಿಟ್ಟು ಮಾಡಬೇಕು. ಬೀಸೋ ಕಲ್ಲು ಬಿಸಿಲು. ಮೂಲೆ ಕತ್ತಲಲ್ಲಿ ಇಟ್ಟರೆ ಬೀಸೋರೇ ಇಲ್ಲ. ರಾತ್ರಿ ತಂಪೂ ಇರಬೇಕು, ಅದಕ್ಕೇ ಬೆಂಗಳೂರು, ತುಮಕೂರು ಕಡೆ ಎಕೆವೇರಿಯಾ ಚೆನ್ನಾಗಿ ಒಗ್ಗುತ್ತೆ. ಮಂಗಳೂರು ಕಡೆಯೋರು ಸೆಕೆ ರಾತ್ರಿ, ಮಳೆಗಾಲದ ತೇವದಲ್ಲಿ ಒದ್ದಾಡ್ತಾರೆ. ಅವರಿಗೆ ನಾನು ಲೋಳೆಸರ, ಮಂಗರವಳ್ಳಿ ಇಟ್ಕೊಳ್ಳಿ ಅಂತ ಹೇಳೋದು.

ಈಗ ದಿಕ್ಕಿನ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟೇ ಇದೆ. ಇಂಗ್ಲೆಂಡು ಅಮೆರಿಕದೋರು ಮಾಡಿದ ವಿಡಿಯೋ ನೋಡಿ ನಮ್ಮೋರು ಅದನ್ನೇ ಕನ್ನಡದಲ್ಲಿ ಹೇಳ್ತಾರೆ: "ದಕ್ಷಿಣದ ಕಿಟಕಿಯಲ್ಲಿ ಇಡಿ, ವರ್ಷವೆಲ್ಲಾ ಬಿಸಿಲು." ಲಂಡನ್‌ನಲ್ಲಿ ಅದು ನಿಜ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ ಇರ್ತಾನೆ, ಡಿಸೆಂಬರಿನಲ್ಲಿ ನಡು ಮಧ್ಯಾಹ್ನವೂ 15 ಡಿಗ್ರಿ ಮೇಲೆ ಏರಲ್ಲ. ನಮ್ಮಲ್ಲಿ ಹಾಗಲ್ಲ. ಬೆಂಗಳೂರು, ತುಮಕೂರಿನಲ್ಲಿ ಏಪ್ರಿಲ್ ಕೊನೇ ವಾರ ಒಂದು ಸಲ, ಆಗಸ್ಟ್ ಮಧ್ಯದಲ್ಲಿ ಒಂದು ಸಲ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ಕಂಬಕ್ಕೆ ನೆರಳೇ ಇರಲ್ಲ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರಕ್ಕೆ ಇರ್ತಾನೆ. ಅಂದ್ರೆ ಮೇಲೆ ಸಜ್ಜಾ ಇರೋ ದಕ್ಷಿಣದ ಬಾಲ್ಕನಿಗೆ ಮೇ, ಜೂನ್, ಜುಲೈನಲ್ಲಿ ನೇರ ಬಿಸಿಲು ಬರೋದೇ ಇಲ್ಲ. ಅದೇ ಬಾಲ್ಕನಿಗೆ ಡಿಸೆಂಬರಿನಲ್ಲಿ ಬಿಸಿಲು ಬಾಗಿಲು ದಾಟಿ ಒಳಗೆ ಬರುತ್ತೆ, ಯಾಕಂದ್ರೆ ಆಗ ಸೂರ್ಯ 53 ಡಿಗ್ರಿಗೆ ಇಳಿದಿರ್ತಾನೆ. ವರ್ಷಕ್ಕೆ ಎರಡು ಸಲ ಕುಂಡದ ಜಾಗ ಬದಲಾಯಿಸದೆ ವಿಧಿಯಿಲ್ಲ.

ಹಾಗಾಗಿ ನಮ್ಮ ಬಯಲುಸೀಮೆಗೆ ನನ್ನ ಓಟು ಪೂರ್ವದ ಕಡೆಗೆ. ಹುಟ್ಟೋ ಸೂರ್ಯನಿಂದ ಹತ್ತು, ಹನ್ನೊಂದು ಗಂಟೆ ತನಕ ಬಿಸಿಲು, ಆಮೇಲೆ ಬರೀ ಬೆಳಕು. ನಾಲ್ಕು ತಾಸು ಸಿಕ್ಕರೆ ಎಕೆವೇರಿಯಾಕ್ಕೆ ಊಟ ಆದ ಹಾಗೆ. ಪಶ್ಚಿಮದ ಬಾಲ್ಕನಿ ಕಷ್ಟ. ಅಲ್ಲೂ ಅಷ್ಟೇ ತಾಸು ಬಿಸಿಲು ಇರುತ್ತೆ, ಆದರೆ ಗಾಳಿ ಕಾದಿರುತ್ತೆ, ಗೋಡೆ ಕಾದಿರುತ್ತೆ, ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಬೇರು ಬೇಯುತ್ತೆ. ಅಡಿಕೆ ಬೆಳೆಗಾರರಿಗೆ ಇದನ್ನ ಹೇಳಿಕೊಡಬೇಕಾ? ಕಾಂಡ ಸುಡೋದು ನೈಋತ್ಯದ ಮಗ್ಗುಲಲ್ಲಿ ತಾನೇ. ಅದಕ್ಕೇ ಸಾಲನ್ನ ಉತ್ತರ ದಕ್ಷಿಣದಿಂದ 35 ಡಿಗ್ರಿ ಪಶ್ಚಿಮಕ್ಕೆ ಓರೆ ಮಾಡಿ ಹೊಡೀರಿ ಅಂತ ವಿಜ್ಞಾನಿಗಳು ಹೇಳೋದು, ಅದಕ್ಕೇ ನಾವು ಆ ಕಡೆಗೆ ಬಾಳೆ ಹಾಕೋದು, ಸುಣ್ಣ ಬಳಿಯೋದು. ಕುಂಡದ ಗಿಡಕ್ಕೂ ಅದೇ ಸೂರ್ಯ. ಪಶ್ಚಿಮ ಬಿಟ್ಟರೆ ಬೇರೆ ಜಾಗ ಇಲ್ಲ ಅನ್ನೋರು ಫೆಬ್ರವರಿಯಿಂದ ಮಳೆ ಹಿಡಿಯೋ ತನಕ ಒಂದು ಬಿಳೀ ಪಂಚೆಯೋ ಹಳೇ ಸೀರೆಯೋ ಕಟ್ಟಿ, ಸಾಕು.

ಮುಖ್ಯ ವಿಷಯಕ್ಕೆ ಬರ್ತೀನಿ. ಹೋದ ತಿಂಗಳು ಬೆಂಗಳೂರಿನ ಒಬ್ಬ ವ್ಯಾಪಾರಿ ನಮ್ಮ 400 ಕುಂಡ ವಾಪಸ್ ಕಳಿಸಿದ. ಕಾರಣ, ಎಲೆ ಅಂಚು ಕೆಂಪಾಗಿದೆ, "ಸುಟ್ಟ ಗಿಡ" ಅಂತ. ಸುಟ್ಟ ಗಿಡ ಹೇಗಿರುತ್ತೆ ಅಂತ ನನಗೆ ಗೊತ್ತು. ಸುಟ್ಟರೆ ಬಿಸಿಲು ಬಿದ್ದ ಮಗ್ಗುಲಲ್ಲಿ ಮಾತ್ರ ಬಿಳಿ ಅಥವಾ ಕಂದು ಮಚ್ಚೆ ಬಿದ್ದು, ಒಣಗಿ, ಕಾಗದದ ಹಾಗೆ ಆಗುತ್ತೆ. ಆ ಎಲೆ ಉದುರೋ ತನಕ ಮಚ್ಚೆ ಹೋಗಲ್ಲ. ಕೊಳೆತರೆ ಮೆತ್ತಗೆ, ನೀರು ತುಂಬಿದ ಹಾಗೆ, ಬುಡದಿಂದ ಶುರುವಾಗುತ್ತೆ. ಕೆಂಪು ಅಂಚು ಇವೆರಡೂ ಅಲ್ಲ. ಬಿಸಿಲು ಕಂಡ ಗಿಡ ತನ್ನ ರಕ್ಷಣೆಗೆ ತಾನೇ ತಂದುಕೊಳ್ಳೋ ಬಣ್ಣ ಅದು, ಮಾವಿನ ಚಿಗುರು ಕೆಂಪಗಿರೋ ಹಾಗೆ. ನೆರಳಿಗೆ ಇಟ್ಟರೆ ಮತ್ತೆ ಹಸಿರಾಗುತ್ತೆ.

ಅವನಿಗೆ ಬೇಕಾಗಿರೋದು 75 ಪರ್ಸೆಂಟ್ ಪರದೆ ಕೆಳಗೆ, ಗೊಬ್ಬರ ನೀರು ಕುಡಿಸಿ, ದಿಢೀರ್ ಅಂತ ಉಬ್ಬಿಸಿದ ಹಚ್ಚ ಹಸಿರು ಗಿಡ. ಅದು ಬೇಗ ದಪ್ಪ ಆಗುತ್ತೆ, ನೋಡೋಕೆ ಚಂದ, ರೇಟೂ ಬರುತ್ತೆ. ಆದರೆ ಅದು ಹುಟ್ಟಿದಾರಭ್ಯ ಬಿಸಿಲು ಕಂಡಿಲ್ಲ. ಕೊಂಡೋರು ಕತ್ತಲಲ್ಲಿ ಇಟ್ಟರೆ ಉದ್ದ ಎಳೆದು ಸಾಯುತ್ತೆ, ಯಾರೋ ತಿಳಿದೋರು ಬಿಸಿಲು ಬೇಕು ಅಂದ್ರು ಅಂತ ನೇರ ತಾರಸಿಗೆ ಇಟ್ಟರೆ ಎರಡೇ ದಿನಕ್ಕೆ ಬೆಂದು ಸಾಯುತ್ತೆ. ಎರಡರಲ್ಲೂ ಕೊಂಡೋರದ್ದೇ ತಪ್ಪು ಅನ್ನೋ ಹಾಗೆ ಆಗುತ್ತೆ, ಮಾರಿದೋನಿಗೆ ಇನ್ನೊಂದು ಗಿಡ ಮಾರೋಕೆ ದಾರಿ ಆಗುತ್ತೆ. ಇದು ವ್ಯಾಪಾರ ಅಲ್ಲ ಅಂತ ನನ್ನ ಅಭಿಪ್ರಾಯ.

ತರಕಾರಿ ನರ್ಸರಿಯೋರು ಸಸಿ ಕೊಡೋ ಮುಂಚೆ ನೀರು ಕಮ್ಮಿ ಮಾಡಿ, ಪರದೆಯಿಂದ ಹೊರಗೆ ಇಟ್ಟು, ಒಂದು ವಾರ ಹದ ಮಾಡ್ತಾರೆ. ಹದ ಮಾಡದ ಮೆಣಸಿನ ಸಸಿ ಕೊಟ್ಟರೆ ರೈತ ಸುಮ್ಮನೆ ಬಿಡ್ತಾನಾ? ನರ್ಸರಿ ಬಾಗಿಲಿಗೇ ತಂದು ಸುರೀತಾನೆ. ಪಟ್ಟಣದೋರು ಹಾಗೆ ಸುರಿಯಲ್ಲ, "ಕೈಗುಣ" ಅಂತ ಕಸದ ಬುಟ್ಟಿಗೆ ಹಾಕ್ತಾರೆ. ಅವರು ಕೇಳಲ್ಲ ಅನ್ನೋ ಧೈರ್ಯದ ಮೇಲೆ ಈ ಧಂದೆ ನಡೀತಿದೆ.

ನಮ್ಮಲ್ಲಿ ಮೊದಲು 50 ಪರ್ಸೆಂಟ್ ಪರದೆ. ಮಾರೋಕೆ ಮೂರು ವಾರ ಇದೆ ಅನ್ನುವಾಗ 35ರ ಪರದೆ ಕೆಳಗೆ ಸಾಗಿಸ್ತೀವಿ. ಕೊನೇ ವಾರ ಬೆಳಗ್ಗೆ ಹತ್ತರ ತನಕ ಪರದೆ ಸುತ್ತಿ ಇಡ್ತೀವಿ. ಈ ಮೂರು ವಾರ ಜಾಗ ಕಟ್ಟಿಹಾಕುತ್ತೆ, ಕೂಲಿ ಆಗುತ್ತೆ, ಗಿಡ ಚಿಕ್ಕದಾಗಿ ಕಾಣುತ್ತೆ. ಕುಂಡಕ್ಕೆ ಐದಾರು ರೂಪಾಯಿ ಜಾಸ್ತಿ ಬೀಳುತ್ತೆ, ಸುಳ್ಳು ಹೇಳಲ್ಲ. ಆ ಐದಾರು ರೂಪಾಯಿ ಕೊಳ್ಳೋರು ಕೊಡಬೇಕು ಅನ್ನೋದೇ ನನ್ನ ವಾದ. 60 ರೂಪಾಯಿ ಗಿಡ ಮೂರು ಸಲ ತಗೊಂಡು ಮೂರು ಸಲ ಎಸೆಯೋದಕ್ಕಿಂತ ಇದು ಸೋವಿ. ಚೀಟಿ ಮೇಲೆ "ಇಂಡೋರ್" ಅನ್ನೋ ಬದಲು "ಬೆಳಗಿನ ಬಿಸಿಲು 4 ತಾಸು" ಅಂತ ಬರೆಯೋಕೆ ಶಾಯಿ ಏನೂ ಜಾಸ್ತಿ ಖರ್ಚಾಗಲ್ಲ. ಗೃಹಪ್ರವೇಶಕ್ಕೆ ಕೊಡೋರೂ ಯೋಚನೆ ಮಾಡಿ, ಬಂದ ನೂರು ಜನರಲ್ಲಿ ಎಷ್ಟು ಜನರ ಮನೆಗೆ ಬಿಸಿಲು ಬರುತ್ತೋ. ಅದರ ಬದಲು ಒಂದು ತೆಂಗಿನಕಾಯಿ ಜಾಸ್ತಿ ಕೊಡಿ, ನಮಗೂ ಒಳ್ಳೇದು!

ಈಗಾಗಲೇ ಉಬ್ಬಿದ ಹಸಿರು ಗಿಡ ತಂದಿರೋರು ಹೆದರಬೇಡಿ. ಮೊದಲ ವಾರ ಕಿಟಕಿಗೆ ಅಂಟಿಸಿ ಇಡಿ. ಎರಡನೇ ವಾರ ಬೆಳಗಿನ ಬಿಸಿಲಿಗೆ ಒಂದು ತಾಸು. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ತಾಸು ಏರಿಸ್ತಾ ಹೋಗಿ. ನೀರು ಹಾಕಿದ ದಿನ ಕುಂಡ ತಿರುಗಿಸೋದು ಅಭ್ಯಾಸ ಮಾಡ್ಕೊಳ್ಳಿ, ವಾಲೋದು ತಪ್ಪುತ್ತೆ. ಮೋಡದ ವಾರ ಕಳೆದು ದಿಢೀರ್ ಬಿಸಿಲು ಬಂದರೆ ಎರಡು ದಿನ ಹಿಂದಕ್ಕೆ ಸರಿಸಿ. ಬಿಸಿಲೇ ಬರದ ಮನೆಯೋರು ಎಲ್‌ಇಡಿ ದೀಪ ಹಾಕ್ಬಹುದು, ಗಿಡದ ಮೇಲೆ ಒಂದಡಿಯಲ್ಲಿ, ದಿನಕ್ಕೆ ಹನ್ನೆರಡು ತಾಸು. ನನ್ನನ್ನ ಕೇಳಿದ್ರೆ ಅಷ್ಟು ಕರೆಂಟು ಸುಡೋ ಬದಲು ಆ ಮನೆಗೆ ದಪ್ಪ ಎಲೆ ಗಿಡ ಬೇಡ, ಮನಿಪ್ಲಾಂಟ್ ಇಟ್ಕೊಳ್ಳಿ ಅಂತೀನಿ.

ವಾಪಸ್ ಬಂದ 400ರಲ್ಲಿ ಮುನ್ನೂರು ಚಿಲ್ಲರೆ ತುಮಕೂರಿನ ಸಂತೆಯಲ್ಲಿ ಹೋದವು. ಕೆಂಪು ಅಂಚು ಯಾಕೆ ಅಂತ ಒಂದು ರಟ್ಟಿನ ಮೇಲೆ ಬರೆದು ಇಟ್ಟಿದ್ದೆ, ಓದಿ ಕೇಳಿ ತಗೊಂಡ್ರು. ಉಳಿದವು ಅಂಗಳದ ಪೂರ್ವದ ಜಗುಲಿ ಮೇಲೆ ಇವೆ. ರಥಸಪ್ತಮಿ ಕಳೀತು, ಬಿಸಿಲು ದಿನದಿನಕ್ಕೆ ಬಲೀತಿದೆ. ನಿಮ್ಮ ಪಶ್ಚಿಮದ ಬಾಲ್ಕನಿಗೆ ಸೀರೆ ಕಟ್ಟೋದಿದ್ದರೆ ಈ ವಾರವೇ ಕಟ್ಟಿ.